ಹಂಗಾಮಿನ ಬುಟ್ಟಿ ಸಿರಿವಂತರ ಸೊತ್ತಲ್ಲ

ಹೊಲದ ಪಾಲಿನ ಮಾತು ಎತ್ತಿದರೆ ಸಾಕು, ನಮ್ಮಲ್ಲಿ ಮೂರು ಬಗೆಯ ಜನ ಮೂರು ಬಗೆಯಾಗಿ ನಗುತ್ತಾರೆ. ‘ಅದು ಬೆಂಗಳೂರಿನ ಬಂಗಲೆಯವರ ಶೋಕಿ’ ಎಂದು ಒಬ್ಬರು. ‘ಗಿರಣಿಯಲ್ಲಿ ಎಂಟು ತಾಸು ನಿಂತು ಬಂದವರಿಗೆ ಸೊಪ್ಪು ಸೋಸುತ್ತ ಕೂಡಲು ಪುರಸೊತ್ತೆಲ್ಲಿ’ ಎಂದು ಇನ್ನೊಬ್ಬರು. ‘ರೈತ ನೇರವಾಗಿ ಮನೆಗೇ ಕಾಯಿಪಲ್ಯ ಕೊಟ್ಟರೆ ಕೈಗಾಡಿಯವನು ಮಣ್ಣು ತಿನ್ನಬೇಕೇ’ ಎಂದು ಮತ್ತೊಬ್ಬರು. ಈ ಮೂರೂ ಪ್ರಶ್ನೆಗಳು ತಳ್ಳಿಹಾಕುವಂಥವಲ್ಲ. ಮೂರಕ್ಕೂ ಉತ್ತರ ಕೊಡುವ ಹೊಣೆ ನಮ್ಮದು. ಆದರೆ ಈ ಮೂವರನ್ನು ಮುಂದೆ ಬಿಟ್ಟುಕೊಂಡು ನಾಲ್ಕನೆಯವನೊಬ್ಬ ಹಿಂದೆ ನಿಂತು ಸದ್ದಿಲ್ಲದೆ ನಗುತ್ತಿದ್ದಾನೆ. ಅವನು ರೈತನ ಹೊಲಕ್ಕೂ ನಮ್ಮ ಒಲೆಗೂ ನಡುವೆ ಕುಳಿತು ಎರಡೂ ಕಡೆಯಿಂದ ಸುಲಿಯುವವನು. ಅವನ ನಗೆ ನಿಲ್ಲಬೇಕೆಂಬುದಕ್ಕಾಗಿಯೇ ಈ ಮಾತು.

ಹೊಲದ ಪಾಲು ಎಂದರೆ ಏನೆಂಬುದನ್ನು ಮೊದಲು ಹೇಳಿಬಿಡೋಣ. ಊರಿನ ಸುತ್ತಿನ ಕೆಲವು ರೈತರೊಡನೆ ಐವತ್ತೋ ನೂರೋ ಮನೆಗಳು ಹಂಗಾಮಿನ ಆರಂಭದಲ್ಲಿಯೇ ಒಪ್ಪಂದ ಮಾಡಿಕೊಳ್ಳುತ್ತವೆ. ಬೀಜ ಭೂಮಿಗೆ ಬೀಳುವ ಮುಂಚೆಯೇ ಒಂದಿಷ್ಟು ಹಣವನ್ನು ಮುಂಗಡವಾಗಿ ಕೊಡುತ್ತವೆ. ಉಳಿದದ್ದನ್ನು ವಾರ ವಾರ ಸಲ್ಲಿಸುತ್ತವೆ. ಹೊಲದಲ್ಲಿ ಬಂದದ್ದು ವಾರಕ್ಕೊಮ್ಮೆ ಸಮಪಾಲಾಗಿ ಬುಟ್ಟಿಯಲ್ಲಿ ಮನೆಗೆ ಬರುತ್ತದೆ. ಬೆಳೆ ಹುಲುಸಾದರೆ ಬುಟ್ಟಿ ತುಂಬುತ್ತದೆ. ಆಲಿಕಲ್ಲು ಬಿದ್ದರೆ, ಹುಳ ಹತ್ತಿದರೆ, ಬುಟ್ಟಿ ಬಡವಾಗುತ್ತದೆ. ಆರಿಸಿಕೊಳ್ಳುವ ಹಾಗಿಲ್ಲ, ಭೂಮಿ ಕೊಟ್ಟದ್ದನ್ನು ಬೇಯಿಸಿ ಉಣ್ಣಬೇಕು. ಲಾಭದಲ್ಲಿ ಪಾಲು, ನಷ್ಟದಲ್ಲಿಯೂ ಪಾಲು. ಅದಕ್ಕೇ ಅದು ಪಾಲು.

ಶೋಕಿ ಎಂದವರು ಯಾರು?

ಇದು ಸಿರಿವಂತರ ಆಟ ಎನ್ನುವವರು ಇದರ ಹುಟ್ಟನ್ನು ತಿಳಿದುಕೊಳ್ಳಲಿ. ಎರಡನೆಯ ಮಹಾಯುದ್ಧದ ನಂತರ ಜಪಾನಿನಲ್ಲಿ ಕೈಗಾರಿಕೆ ನಾಗಾಲೋಟದಿಂದ ಬೆಳೆಯಿತು. ಅದರ ಜೊತೆಗೆ ಗದ್ದೆಗೆ ವಿಷದ ಔಷಧಿ ಬಂತು, ಮಿನಮಾತಾದ ಕೊಲ್ಲಿಯ ಮೀನಿಗೆ ಕಾರ್ಖಾನೆಯ ಪಾದರಸ ಸೇರಿತು. ಆಗ ಪಟ್ಟಣಗಳ ಗೃಹಿಣಿಯರು ಗುಂಪು ಕಟ್ಟಿಕೊಂಡು ನೇರವಾಗಿ ರೈತರ ಬಾಗಿಲಿಗೆ ಹೋದರು. 1971ರಲ್ಲಿ, ಸಹಕಾರ ಚಳವಳಿಯಲ್ಲಿ ಪಳಗಿದ ಇಚಿರಾಕು ತೆರುಓ ಮೊದಲಾದವರು ಅಲ್ಲಿ ಸಾವಯವ ಕೃಷಿಯ ಸಂಘವೊಂದನ್ನು ಸ್ಥಾಪಿಸಿದರು. ಬೆಳೆಯುವವರಿಗೂ ಉಣ್ಣುವವರಿಗೂ ನಡುವಿನ ಒಡಂಬಡಿಕೆಗೆ ‘ತೇಯ್ಕೇಯ್’ ಎಂಬ ಹೆಸರು ನಿಂತಿತು. 1978ರಲ್ಲಿ ಅದಕ್ಕೆ ಹತ್ತು ಸೂತ್ರಗಳು ರೂಪುಗೊಂಡವು. ಬೆಳೆಯ ಯೋಜನೆಯನ್ನು ಇಬ್ಬರೂ ಕೂಡಿ ಹಾಕಬೇಕು, ಬೆಲೆಯನ್ನು ಪರಸ್ಪರ ಹಿತ ನೋಡಿ ನಿಶ್ಚಯಿಸಬೇಕು, ಹಂಚಿಕೆಯನ್ನು ತಾವೇ ಮಾಡಬೇಕು ಎಂಬುವು ಅವುಗಳಲ್ಲಿ ಕೆಲವು. ಬಂದ ಬೆಳೆಯನ್ನೆಲ್ಲ ಸ್ವೀಕರಿಸಿ, ಮನೆಯ ಊಟವನ್ನು ಆದಷ್ಟು ಅದಕ್ಕೇ ಹೊಂದಿಸಿಕೊಳ್ಳಬೇಕು ಎಂಬುದು ಮತ್ತೊಂದು. ಈ ಕೊನೆಯದನ್ನು ಓದುಗರು ನೆನಪಿನಲ್ಲಿಡಲಿ. ನಮ್ಮ ವಾದದ ಬೇರು ಅದರಲ್ಲಿದೆ.

ಅಮೇರಿಕದ ಅಲಬಾಮಾದಲ್ಲಿ, ಟಸ್ಕೀಗಿಯ ಕೃಷಿ ಪ್ರಾಧ್ಯಾಪಕ ಬುಕರ್ ಟಿ. ವಾಟ್ಲಿ 1970ರ ದಶಕದಲ್ಲಿ ಇದೇ ದಾರಿಯನ್ನು ಬೇರೊಂದು ಕಷ್ಟದಿಂದ ಹುಡುಕಿದರು. ಅಲ್ಲಿಯ ಕಪ್ಪು ಜನಾಂಗದ ಸಣ್ಣ ರೈತರಿಗೆ ಸಾಲ ಹುಟ್ಟುತ್ತಿರಲಿಲ್ಲ. ದೊಡ್ಡ ಪೇಟೆಯಲ್ಲಿ ಬೆಲೆ ಸಿಗುತ್ತಿರಲಿಲ್ಲ. ‘ಗಿರಾಕಿಗಳನ್ನೇ ಸದಸ್ಯರನ್ನಾಗಿ ಮಾಡಿಕೊಳ್ಳಿರಿ, ಅವರು ಮುಂಚೆಯೇ ಹಣ ಕಟ್ಟಲಿ’ ಎಂಬುದು ಅವರ ಸಲಹೆಯ ಸಾರ. 1986ರಲ್ಲಿ ಮ್ಯಾಸಚೂಸೆಟ್ಸ್ ಮತ್ತು ನ್ಯೂ ಹ್ಯಾಂಪ್‌ಶೈರ್ ರಾಜ್ಯಗಳ ಎರಡು ಹೊಲಗಳಲ್ಲಿ ಪಾಲಿನ ಪದ್ಧತಿ ಆರಂಭವಾಯಿತು. ನ್ಯೂ ಹ್ಯಾಂಪ್‌ಶೈರಿನ ಹೊಲದ ರೀತಿಯಂತೂ ಕೇಳುವಂಥದು. ಸದಸ್ಯರು ವರ್ಷಕ್ಕೊಮ್ಮೆ ಸಭೆ ಸೇರುತ್ತಾರೆ. ಹೊಲದ ವರ್ಷದ ಖರ್ಚನ್ನು ಎದುರಿಗಿಡುತ್ತಾರೆ. ಯಾರಿಗೆ ಎಷ್ಟು ಶಕ್ಯವೋ ಅಷ್ಟನ್ನು ಬರೆಸುತ್ತಾರೆ. ಖರ್ಚು ತುಂಬುವವರೆಗೆ ಬರೆಸುವಿಕೆ ನಡೆಯುತ್ತದೆ. ಶಕ್ತಿಯಿದ್ದವನು ಹೆಚ್ಚು, ಇಲ್ಲದವನು ಕಡಿಮೆ. ಇದರಲ್ಲಿ ಶೋಕಿ ಎಲ್ಲಿದೆ? ಇದನ್ನು ನಾವು ಎಷ್ಟೋ ವರ್ಷಗಳಿಂದ ಬೇರೆ ಹೆಸರಿನಲ್ಲಿ ಹೇಳುತ್ತ ಬಂದಿದ್ದೇವೆ.

ಈಗ ದೊಡ್ಡ ನಗರಗಳಲ್ಲಿ ಬಣ್ಣದ ಪೆಟ್ಟಿಗೆಯಲ್ಲಿ ಎರಡು ಹಿಡಿ ಸೊಪ್ಪು ಕಟ್ಟಿ ‘ಹೊಲದಿಂದ ನೇರ’ ಎಂದು ಮುದ್ರೆ ಹಾಕಿ ಮೂರು ಪಟ್ಟು ಬೆಲೆಗೆ ಮಾರುವವರಿದ್ದಾರೆ, ನಿಜ. ಅಲ್ಲಿ ಮುಂಗಡವಿಲ್ಲ, ಬೆಳೆ ಕೆಟ್ಟರೆ ಪಾಲಿಲ್ಲ, ರೈತನ ಮುಖ ಗಿರಾಕಿ ಕಂಡಿಲ್ಲ. ಅದು ವರ್ತನೆಯ ವ್ಯಾಪಾರವೇ ಹೊರತು ಪಾಲಲ್ಲ. ಕಳ್ಳ ನಾಣ್ಯವಿದೆ ಎಂದು ಒಳ್ಳೆಯ ನಾಣ್ಯವನ್ನು ಹೊಳೆಗೆ ಎಸೆಯುವವರುಂಟೇ?

ಮುಂಗಡ ಕೊಟ್ಟವನೇ ಧಣಿ

ರೈತ ಬಡವನಾಗಿರುವುದು ಬೆಳೆಯಲು ಬಾರದೆ ಅಲ್ಲ. ಬಿತ್ತುವ ಹೊತ್ತಿಗೆ ಕೈಯಲ್ಲಿ ಕಾಸಿಲ್ಲದೆ. ಬೀಜಕ್ಕೆ, ಗೊಬ್ಬರಕ್ಕೆ, ಕಳೆ ತೆಗೆಸುವ ಕೂಲಿಗೆ ಅವನು ಅಡತಿ ಅಂಗಡಿಯ ಕಟ್ಟೆ ಹತ್ತುತ್ತಾನೆ. ಅಲ್ಲಿ ಹಣ ಸಿಗುತ್ತದೆ. ಅದರ ಜೊತೆಗೆ, ಬೆಳೆ ಬಂದಾಗ ಇದೇ ಕಟ್ಟೆಗೆ ತರಬೇಕೆಂಬ ಹಗ್ಗವೂ ಕುತ್ತಿಗೆಗೆ ಬೀಳುತ್ತದೆ. ಆಮೇಲೆ ಸವಾಲು ನಡೆಯುವುದು ಹೆಸರಿಗೆ ಮಾತ್ರ. ಕಾನೂನಿನಲ್ಲಿ ಏನೇ ಬರೆದಿರಲಿ, ಸಣ್ಣ ರೈತನ ಕೈಗೆ ಬರುವ ಚೀಟಿಯಲ್ಲಿ ಹಮಾಲಿ, ಕಮಿಷನ್ನು, ತೂಕದ ವಜಾ ಎಲ್ಲ ಕಳೆದು ಉಳಿದದ್ದನ್ನು ನೋಡಿದರೆ, ಬೆಳೆ ಯಾರದು ಎಂಬುದು ಗೊತ್ತಾಗುತ್ತದೆ. ಮುಂಗಡ ಕೊಟ್ಟವನದು.

ಲೆಕ್ಕ ಬೇಕೇ? 2024ರಲ್ಲಿ ಪ್ರಕಟವಾದ ರಿಸರ್ವ್ ಬ್ಯಾಂಕಿನ ಅಧ್ಯಯನವೊಂದು ಹೇಳುವಂತೆ, ಉಣ್ಣುವವನು ಕೊಡುವ ಒಂದು ರೂಪಾಯಿಯಲ್ಲಿ ಟೊಮ್ಯಾಟೊ ಬೆಳೆದವನಿಗೆ ಮುಟ್ಟುವುದು ಸುಮಾರು 33 ಪೈಸೆ. ಉಳ್ಳಾಗಡ್ಡಿ ಬೆಳೆದವನಿಗೆ 36. ಆಲೂಗಡ್ಡೆ ಬೆಳೆದವನಿಗೆ 37. ಉಳಿದ ಮೂರರಲ್ಲೆರಡು ಪಾಲು ದಾರಿಯಲ್ಲಿ ಕರಗುತ್ತದೆ. ಬೇಗ ಕೊಳೆಯುವ ಪದಾರ್ಥವಾದ್ದರಿಂದ ಹೀಗಾಗುತ್ತದೆ ಎಂದು ಪಂಡಿತರು ಸಮಾಧಾನ ಹೇಳುತ್ತಾರೆ. ನಾವು ಕೇಳುತ್ತೇವೆ: ಹಾಲು ಕೊಳೆಯುವುದಿಲ್ಲವೇ? ಟೊಮ್ಯಾಟೊ ನಾಲ್ಕು ದಿನ ತಡೆದೀತು, ಹಾಲು ನಾಲ್ಕು ತಾಸು ತಡೆಯದು. ಆದರೂ ಹಾಲಿನ ರೂಪಾಯಿಯಲ್ಲಿ ಸುಮಾರು 70 ಪೈಸೆ ದನ ಕಟ್ಟಿದವರಿಗೆ ಸಲ್ಲುತ್ತದೆ. ಹಾಲಿಗೆ ಹಳ್ಳಿ ಹಳ್ಳಿಯಲ್ಲಿ ಡೇರಿಯ ಸಹಕಾರ ಸಂಘವಿದೆ. ಕೊಳ್ಳುವವರು ದಿನವೂ ಇದ್ದಾರೆ. ಬೆಲೆ ಮುಂಚೆಯೇ ಗೊತ್ತಿದೆ. ಕಾಯಿಪಲ್ಯಕ್ಕೆ ಈ ಮೂರೂ ಇಲ್ಲ. ಕೊಳೆಯುತ್ತಿರುವುದು ಪದಾರ್ಥಕ್ಕಿಂತ ಹೆಚ್ಚಾಗಿ ವ್ಯವಸ್ಥೆ.

ಇದರ ಬರೆ ನಮಗೂ ಬಿದ್ದಿದೆ. 2023ರ ಜುಲೈಯಲ್ಲಿ ಟೊಮ್ಯಾಟೊ ಕಿಲೋಗೆ ನೂರು ರೂಪಾಯಿ ದಾಟಿತು. ಕೆಲವು ನಗರಗಳಲ್ಲಿ ಇನ್ನೂರನ್ನೂ ಮೀರಿತು. ಬೆಲೆ ಬಿದ್ದ ವರ್ಷಗಳಲ್ಲಿ ಅದೇ ಟೊಮ್ಯಾಟೊವನ್ನು ಕೋಲಾರದ ಕಡೆಯ ರೈತರು ಬಾಡಿಗೆಯೂ ಹುಟ್ಟದೆ ರಸ್ತೆಗೆ ಸುರಿದು ಹೋದದ್ದನ್ನು ನಾಡು ಕಂಡಿದೆ. ಏರಿದಾಗ ಅತ್ತವರು ನಾವು, ಇಳಿದಾಗ ಅತ್ತವರು ಅವರು. ‘ಬೆಳೆಯ ನಷ್ಟದಲ್ಲಿ ಪಾಲು ಹೊರುವ ಶಕ್ತಿ ಕೂಲಿಕಾರನಿಗೆಲ್ಲಿ’ ಎನ್ನುವ ಗೆಳೆಯರಿಗೆ ನಮ್ಮ ಉತ್ತರ ಇದು: ನಷ್ಟವನ್ನು ನೀವು ಈಗಾಗಲೇ ಹೊತ್ತಿದ್ದೀರಿ. ಲಾಭದ ಪಾಲನ್ನು ಮಾತ್ರ ಪಡೆದಿಲ್ಲ.

ಮುಂಗಡದ ಹಗ್ಗ ಕಡಿಯುವ ಕೆಲಸ ನಮ್ಮ ನಾಡಿಗೆ ಹೊಸದೂ ಅಲ್ಲ. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಪತ್ತಿನ ಸಹಕಾರ ಸಂಘ ಕಟ್ಟಿದ್ದು ಸಾಹುಕಾರನ ಸಾಲದಿಂದ ಒಕ್ಕಲಿಗನನ್ನು ಬಿಡಿಸಲಿಕ್ಕೆ. ಅವರು ಹಳ್ಳಿಯೊಳಗಿನ ಕೈಗಳನ್ನು ಕೂಡಿಸಿದರು. ನಾವು ಹಳ್ಳಿಯ ಕೈಗೆ ಪೇಟೆಯ ಕೈಯನ್ನು ಕೂಡಿಸೋಣ ಎನ್ನುತ್ತಿದ್ದೇವೆ.

ವಾರದ ಸಂಬಳದಲ್ಲಿ ಬದುಕುವವನು ಮುಂಗಡ ಹೇಗೆ ಕೊಟ್ಟಾನು? ಒಂದು ಲೆಕ್ಕ ಹಿಡಿಯೋಣ. ಐವತ್ತು ಮನೆಗಳು, ಮನೆಗೆ ವಾರಕ್ಕೆ 150 ರೂಪಾಯಿ ಎಂದರೆ ವಾರಕ್ಕೆ 7,500. ಹನ್ನೆರಡು ವಾರದ ಹಂಗಾಮಿಗೆ 90,000. ಇದರಲ್ಲಿ ಮೂರರಲ್ಲೊಂದು ಪಾಲು, ಅಂದರೆ 30,000, ಬಿತ್ತುವ ಮುಂಚೆ ರೈತನಿಗೆ ಬೇಕು. ಒಂದು ಮನೆಗೆ ಅದು 600 ರೂಪಾಯಿ. ಒಮ್ಮೆಲೇ ಕೊಡಲಾಗದವರಿಗೆ ಕಾರ್ಮಿಕರ ಪತ್ತಿನ ಸಂಘ ಕೊಡಲಿ, ವಾರ ವಾರ ಮುರಿದುಕೊಳ್ಳಲಿ. ಮದುವೆಗೆ, ಹಬ್ಬಕ್ಕೆ, ಗಡಿಯಾರಕ್ಕೆ ಚೀಟಿ ಹಾಕುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಅನ್ನದ ಜೊತೆಯ ಪಲ್ಯಕ್ಕೆ ಒಂದು ಚೀಟಿ ಹಾಕಲಾರೆವೇ?

ಒಲೆಯ ಕರ್ತವ್ಯ

ಹಣ ಕೊಟ್ಟ ಮಾತ್ರಕ್ಕೆ ಪಾಲುದಾರನ ಕೆಲಸ ಮುಗಿಯಲಿಲ್ಲ. ಜಪಾನಿನವರ ಸೂತ್ರ ಇಲ್ಲಿ ಬರುತ್ತದೆ. ಬಂದದ್ದನ್ನೆಲ್ಲ ಉಣ್ಣಬೇಕು. ರೈತ ಮೂಲಂಗಿ ಕಳಿಸಿದ ವಾರ ನಾವು ಮೂಲಂಗಿಯನ್ನು ಕಸಕ್ಕೆ ಹಾಕಿ ಪೇಟೆಯ ಕ್ಯಾಪ್ಸಿಕಂ ತಂದರೆ, ಒಡಂಬಡಿಕೆ ಮುರಿಯುವುದು ನಮ್ಮ ಅಡಿಗೆಮನೆಯಲ್ಲಿಯೇ. ಹನ್ನೆರಡು ತಿಂಗಳೂ ಒಂದೇ ಟೊಮ್ಯಾಟೊ ಸಾರು ಬೇಕೆಂಬ ಹಟವಿದೆಯಲ್ಲ, ದಲ್ಲಾಳಿಯ ಬಂಡವಾಳ ಅದರ ಮೇಲೆಯೇ ನಿಂತಿದೆ. ಹಂಗಾಮಲ್ಲದ ಕಾಲದಲ್ಲಿ ಹಂಗಾಮಲ್ಲದ ಪದಾರ್ಥ ಕೇಳುವವನ ಕಿಸೆಯನ್ನು ಅವನು ಕತ್ತರಿಸದೆ ಬಿಟ್ಟಾನೆಯೇ?

ಟೊಮ್ಯಾಟೊ ದಕ್ಷಿಣ ಅಮೇರಿಕದಿಂದ ಸಮುದ್ರ ದಾಟಿ ಬಂದ ಅತಿಥಿ. ಅದು ಬರುವ ಮುಂಚೆಯೂ ನಮ್ಮ ಸಾರು ಹುಳಿಯಾಗಿಯೇ ಇತ್ತು. ಹೊಸ ಹುಣಿಸೆ ಬೇಸಿಗೆಯ ಹೊತ್ತಿಗೆ ಬರುತ್ತದೆ. ಉಪ್ಪು ಬೆರೆಸಿ ಗಡಿಗೆಗೆ ತುಂಬಿದರೆ ವರ್ಷವಿಡೀ ಇರುತ್ತದೆ. ಚೈತ್ರ, ವೈಶಾಖದಲ್ಲಿ ಮಾವಿನಕಾಯಿ. ಮಳೆಗಾಲದಲ್ಲಿ ಪುಂಡಿ ಸೊಪ್ಪು. ಅದಕ್ಕೆ ಬೇರೆ ಹುಳಿಯೇ ಬೇಡ. ತೊಗರಿಬೇಳೆ, ಒಂದು ಹಿಡಿ ಜೋಳದ ನುಚ್ಚು, ಹಸಿಮೆಣಸಿನಕಾಯಿ ಹಾಕಿ ಬೇಯಿಸಿ, ಕಡೆದು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಎರಡು ರೊಟ್ಟಿ ಹೆಚ್ಚಿಗೆ ಇಳಿಯುತ್ತವೆ. ಟೊಮ್ಯಾಟೊ ನೂರು ದಾಟಿದ ಜುಲೈ ತಿಂಗಳು ಪುಂಡಿ ಚಿಗುರುವ ಕಾಲ ಎಂಬುದನ್ನು ನಾವು ಮರೆತದ್ದು ಯಾರಿಗೆ ಲಾಭವಾಯಿತು?

ಮುಂಗಾರಿನ ಬುಟ್ಟಿಯಲ್ಲಿ ಹೀರೆ, ಸೌತೆ, ಬೆಂಡೆ, ಚವಳಿಕಾಯಿ, ರಾಜಗಿರಿ ಬರುತ್ತವೆ. ಚಳಿಗಾಲದ ಬುಟ್ಟಿ ಸಿರಿವಂತ ಬುಟ್ಟಿ: ಬದನೆ, ಮೆಂತ್ಯ, ಮೂಲಂಗಿ, ಗಜ್ಜರಿ, ಅವರೆ, ಉಳ್ಳಾಗಡ್ಡಿ ತಪ್ಪಲು, ಕಡಲೆಯ ಸೊಪ್ಪು, ಹಸಿ ಕಡಲೆ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಕುಳಿತು ಚರಗ ಚೆಲ್ಲುವ ನಾಡು ನಮ್ಮದು. ಅಂದು ಬೀದರ, ಕಲಬುರಗಿ ಕಡೆಯವರು ಮಾಡುವ ಭಜ್ಜಿ ಪಲ್ಯ ಏನು? ಆ ಹಂಗಾಮಿನ ಸೊಪ್ಪು, ಕಾಯಿ, ಕಾಳು ಎಲ್ಲ ಒಂದೇ ಪಾತ್ರೆಯಲ್ಲಿ. ಅದು ಹಂಗಾಮಿನ ಬುಟ್ಟಿಯೇ. ಹಬ್ಬದ ಹೆಸರಿನಲ್ಲಿ ಉಳಿದುಕೊಂಡಿದೆ. ಬೇಸಿಗೆಯಲ್ಲಿ ಬುಟ್ಟಿ ಸೊರಗುತ್ತದೆ. ನುಗ್ಗೆ, ಕುಂಬಳ, ಸೋರೆ, ಮಾವಿನಕಾಯಿಯಲ್ಲಿ ದಿನ ದೂಡಬೇಕು. ಅದಕ್ಕೇ ನಮ್ಮ ಹಿರಿಯರು ಹೆಚ್ಚಿಗೆ ಬಂದಾಗ ಕಡಲೆ ಸೊಪ್ಪನ್ನೂ, ಚವಳಿಕಾಯಿಯನ್ನೂ, ಹಾಗಲವನ್ನೂ ಮಾಳಿಗೆಯ ಮೇಲೆ ಒಣಗಿಸಿಟ್ಟರು, ಮೆಣಸಿನಕಾಯಿಯನ್ನು ಮಜ್ಜಿಗೆಯಲ್ಲಿ ನೆನೆಸಿ ಬಾಳಕ ಮಾಡಿದರು. ಫ್ರಿಜ್ಜು ಇಲ್ಲದ ಮನೆಗೆ ಬಿಸಿಲೇ ಉಗ್ರಾಣ.

ವಾರದ ಬುಟ್ಟಿ ಬಂದಾಗ ಒಂದು ಸರಳ ಕ್ರಮ ಸಾಕು. ಮೊದಲ ಎರಡು ದಿನ ಸೊಪ್ಪು. ಆಮೇಲೆ ಬೆಂಡೆ, ಹೀರೆ, ಬದನೆ. ಕೊನೆಗೆ ಗಜ್ಜರಿ, ಕುಂಬಳದಂಥ ತಡೆಯುವ ಪದಾರ್ಥ. ಹೀರೆಯ ತಿರುಳು ಪಲ್ಯಕ್ಕೆ, ಸಿಪ್ಪೆ ಚಟ್ನಿಗೆ. ಮೂಲಂಗಿಯ ಗಡ್ಡೆ ಪಚಡಿಗೆ, ಅದರ ಸೊಪ್ಪು ಹೆಸರುಬೇಳೆಯ ಜೊತೆ ಪಲ್ಯಕ್ಕೆ. ಬದನೆ ಹೆಚ್ಚಾದರೆ ಶೇಂಗಾ, ಗುರೆಳ್ಳು ತುಂಬಿ ಎಣ್ಣೆಗಾಯಿ. ಎಳೆ ಮೆಂತ್ಯವನ್ನು ಬೇಯಿಸಲೂ ಬೇಡ. ರೊಟ್ಟಿ, ಶೇಂಗಾ ಚಟ್ನಿಯ ಜೊತೆ ಹಸಿಯೇ ರುಚಿ. ಒಂದೇ ಪದಾರ್ಥದಿಂದ ಎರಡು ಅಡಿಗೆ ತೆಗೆಯುವ ಈ ವಿದ್ಯೆ ಬಡವರ ಮನೆಯಲ್ಲಿ ಹುಟ್ಟಿದ್ದು. ಅದನ್ನು ಈಗ ದೊಡ್ಡ ಹೋಟೆಲಿನವರು ಬೆಲೆ ಕಟ್ಟಿ ಬಡಿಸುತ್ತಿದ್ದಾರೆ.

ಸೊಪ್ಪು ಸೋಸುವವರು ಯಾರು?

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಅಕ್ಕ ತಂಗಿಯರು ಕೇಳುವ ಪ್ರಶ್ನೆಗೆ ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಉತ್ತರ ಕೊಡಲಾರೆವು. ಪಾಳಿ ಮುಗಿಸಿ, ನೀರು ಹಿಡಿದು, ಮಕ್ಕಳನ್ನು ನೋಡಿಕೊಂಡು, ಆಮೇಲೆ ಎರಡು ಸಿವುಡು ಸೊಪ್ಪು ಸೋಸು ಎಂದರೆ ಅದು ಹೆಂಗಸಿನ ಮೇಲೆ ಹೇರಿದ ಮೂರನೆಯ ಪಾಳಿ. ಗಂಡಸರು ಕಟ್ಟೆಯ ಮೇಲೆ ಕುಳಿತು ಸಮಾನತೆಯ ಭಾಷಣ ಮಾಡುತ್ತ, ಒಳಗಿನಿಂದ ಬಿಸಿ ಪಲ್ಯ ಬರಲಿ ಎಂದು ಕಾಯುವುದಾದರೆ ಈ ಬುಟ್ಟಿ ಬೇಡವೇ ಬೇಡ. ಹಾಗೆ ನಡೆಸಿದ ಪಾಲು ಹೊಲದ ಶೋಷಣೆಯನ್ನು ಮನೆಯೊಳಗೆ ತಂದು ಇಳಿಸಿದಂತೆ.

ಸೊಪ್ಪು ಸೋಸಲು ಎರಡು ಕೈ, ಅರ್ಧ ತಾಸು ಸಾಕು. ಆ ಕೈ ಹೆಣ್ಣಿನದೇ ಆಗಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ನೂಲು ಕಡಿದಾಗ ಕ್ಷಣದಲ್ಲಿ ಗಂಟು ಹಾಕುವ ಬೆರಳಿಗೆ ರಾಜಗಿರಿಯ ದಂಟು ಬಿಡಿಸುವುದು ಕಷ್ಟವೇ? ಬುಟ್ಟಿ ಬಂದ ಸಂಜೆ ಓಣಿಯ ಹತ್ತು ಮನೆಯವರು ಒಂದೆಡೆ ಕುಳಿತು ಸೋಸಲಿ, ಗಂಡಸರೂ ಕೂಡ್ರಲಿ. ಸಂಘದ ಸಭೆಯನ್ನೂ ಅಲ್ಲಿಯೇ ನಡೆಸಬಹುದು. ಕೈ ಖಾಲಿ ಇದ್ದಾಗ ಬಾಯಿ ಹೆಚ್ಚು ಆಡುತ್ತದೆಂಬ ದೂರೂ ಕಡಿಮೆಯಾದೀತು.

ಕೈಗಾಡಿಯವನ ಪ್ರಶ್ನೆ

ಸಣ್ಣ ವ್ಯಾಪಾರಿ ಬಂಧುಗಳೇ, ನೀವು ನಮ್ಮ ಓದುಗರು, ನಮ್ಮವರು. ನಿಮ್ಮ ಅಂಜಿಕೆ ನಮಗೆ ಗೊತ್ತಿದೆ. ಬೆಳಗಿನ ಜಾವ ಒಂಬೈನೂರು ಎಣಿಸಿ ಕೊಟ್ಟು ಸಂಜೆ ಸಾವಿರ ಕೇಳುವ ಬಡ್ಡಿಯವನ ಹಣದಿಂದ ಗಾಡಿ ತುಂಬಿ, ಬಿಸಿಲಲ್ಲಿ ಬಾಡಿದ ಸೊಪ್ಪಿಗೆ ನೀರು ಚಿಮುಕಿಸುತ್ತ ಓಣಿ ಓಣಿ ತಿರುಗುವವರು ನೀವು. ರೈತನ ರೂಪಾಯಿಯನ್ನು ನುಂಗಿದವರು ನೀವಲ್ಲ. ಮುಂಗಡಕ್ಕೆ ಸಿಕ್ಕಿಬಿದ್ದ ರೈತ, ದಿನಬಡ್ಡಿಗೆ ಸಿಕ್ಕಿಬಿದ್ದ ಗಾಡಿಯವನು, ಇಬ್ಬರೂ ಒಂದೇ ಹಗ್ಗದ ಎರಡು ತುದಿ.

ನಿಮ್ಮ ನಿಜವಾದ ವೈರಿ ಯಾರೆಂದು ಕಣ್ಣು ತೆರೆದು ನೋಡಿರಿ. ಮೊಬೈಲಿನಲ್ಲಿ ಬೆರಳು ಒತ್ತಿದರೆ ನಿಮಿಷಗಳ ಲೆಕ್ಕದಲ್ಲಿ ಕಾಯಿಪಲ್ಯ, ಕಿರಾಣಿ ಎಲ್ಲವನ್ನೂ ಬಾಗಿಲಿಗೆ ತಂದುಕೊಡುವ ದೊಡ್ಡ ಬಂಡವಾಳದ ಕಂಪನಿಗಳು ಮಹಾನಗರಗಳನ್ನು ಮುಗಿಸಿ ಜಿಲ್ಲಾ ಪಟ್ಟಣಗಳತ್ತ ಹೊರಳಿವೆ. ನಷ್ಟಕ್ಕೆ ಮಾರಿಯಾದರೂ ಗಿರಾಕಿಯನ್ನು ಸೆಳೆಯುವ ದುಡ್ಡು ಅವರ ಹತ್ತಿರ ಇದೆ. ಒಬ್ಬೊಬ್ಬರಾಗಿ ನಿಂತ ಕೈಗಾಡಿ ಅವರೆದುರು ಎಷ್ಟು ದಿನ ತಡೆದೀತು?

ಪಾಲಿನ ಬುಟ್ಟಿಗಳನ್ನು ಇಳಿಸಲು, ಹಂಚಲು, ಲೆಕ್ಕವಿಡಲು ಓಣಿಗೊಂದು ಜಾಗ ಬೇಕು. ಅದು ನಿಮ್ಮ ಅಂಗಡಿಯೇ ಆಗಲಿ. ಬುಟ್ಟಿಗೆ ಇಂತಿಷ್ಟು ಎಂದು ನಿಮಗೆ ಹಂಚಿಕೆಯ ಕೂಲಿ ಸಲ್ಲಲಿ. ಅದರಲ್ಲಿ ಕೊಳೆಯುವ ಭಯವಿಲ್ಲ, ದಿನಬಡ್ಡಿಯಿಲ್ಲ. ಬುಟ್ಟಿ ಒಯ್ಯಲು ಬಂದವರು ಬೇಳೆ, ಎಣ್ಣೆ, ಬೆಲ್ಲ, ಉಪ್ಪು, ಬೆಳ್ಳುಳ್ಳಿಯನ್ನು ಎಲ್ಲಿ ಕೊಂಡಾರು? ಬುಟ್ಟಿ ಸೊರಗಿದ ವಾರ ಯಾರ ಗಾಡಿಯ ಹತ್ತಿರ ಬಂದಾರು? ಐವತ್ತು ಮನೆಗಳು ವಾರಕ್ಕೊಮ್ಮೆ ತಪ್ಪದೆ ಮೆಟ್ಟಿಲು ಹತ್ತುವ ಅಂಗಡಿಯನ್ನು ಮುಚ್ಚಿಸುವುದು ಯಾವ ಕಂಪನಿಗೂ ಸುಲಭವಲ್ಲ.

ಆಗಬೇಕಾದದ್ದು

‘ಸರ್ಕಾರ ಮಾಡಲಿ’ ಎಂದು ಕೈಕಟ್ಟಿ ಕೂಡುವುದು ಬೇಡ. ಸರ್ಕಾರದಿಂದ ಆದದ್ದೂ ಇದೆ. 1959ರಲ್ಲಿ ಬೆಂಗಳೂರಿನಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ್ದು ಹಾಪ್‌ಕಾಮ್ಸ್ ಆಗಿ ಬೆಳೆಯಿತು. 1999ರಲ್ಲಿ ತಮಿಳುನಾಡು ಮದುರೆಯಿಂದ ಆರಂಭಿಸಿ ರೈತರೇ ಕುಳಿತು ಮಾರುವ ಉಳವರ್ ಸಂದೈಗಳನ್ನು ತೆರೆಯಿತು. ಇವು ಒಳ್ಳೆಯ ಕೆಲಸಗಳೇ. ಆದರೆ ಬೆಳೆದ ಮೇಲೆ ಮಾರಲು ಜಾಗ ಕೊಡುವುದು ಒಂದು. ಬಿತ್ತುವ ಮುಂಚೆ ಜೊತೆಗೆ ನಿಲ್ಲುವುದು ಇನ್ನೊಂದು. ಎರಡನೆಯದನ್ನು ಉಣ್ಣುವ ಜನರೇ ಮಾಡಬೇಕು. ಅದಕ್ಕಾಗಿ ನಾವು ಮುಂದಿಡುವ ಮಾತುಗಳು ಇವು:

1. ಬರುವ ಹಂಗಾಮಿಗೆ ಪ್ರತಿ ಓಣಿಯಲ್ಲಿ ಇಪ್ಪತ್ತೈದರಿಂದ ಐವತ್ತು ಮನೆಗಳ ಒಂದು ಕೂಟ ಆಗಬೇಕು. ಸಣ್ಣ ಸಂಸಾರಕ್ಕೆ ಅರ್ಧ ಪಾಲು ಇರಬೇಕು.

2. ಒಬ್ಬನೇ ರೈತನನ್ನು ನಂಬದೆ, ನೀರಾವರಿಯವರೂ ಮಳೆಯಾಶ್ರಯದವರೂ ಸೇರಿದಂತೆ ಮೂರು ನಾಲ್ಕು ಹೊಲಗಳೊಡನೆ ಒಪ್ಪಂದವಾಗಬೇಕು. ಒಂದು ಕಡೆ ಕೆಟ್ಟರೆ ಇನ್ನೊಂದು ಕಡೆ ಉಳಿದೀತು.

3. ಕಾರ್ಮಿಕರ ಪತ್ತಿನ ಸಂಘಗಳು ಮುಂಗಡದ ಹಣವನ್ನು ಒದಗಿಸಿ ವಾರದ ಕಂತಿನಲ್ಲಿ ವಸೂಲು ಮಾಡಬೇಕು.

4. ಹೊಲದಲ್ಲಿ ಕಳೆ ತೆಗೆಯುವ, ಕಾಯಿ ಬಿಡಿಸುವ ಕೂಲಿಯವರ ನ್ಯಾಯವಾದ ಕೂಲಿ ಬುಟ್ಟಿಯ ಬೆಲೆಯಲ್ಲಿಯೇ ಸೇರಬೇಕು. ಅವರ ಹೊಟ್ಟೆಯ ಮೇಲೆ ಹೊಡೆದು ಅಗ್ಗವಾದ ಪಲ್ಯ ನಮಗೆ ಬೇಡ.

5. ಹಂಚಿಕೆ ಸಣ್ಣ ಅಂಗಡಿಗಳ ಮೂಲಕ ಆಗಬೇಕು. ಬಂದ ಹಣ, ಕೊಟ್ಟ ಹಣ, ಬಂದ ತೂಕ ಇವನ್ನು ಅಂಗಡಿಯ ಮುಂದಿನ ಹಲಗೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯಬೇಕು.

6. ನಗರಸಭೆ ಬುಟ್ಟಿ ಇಳಿಸುವ ದಿನ ಸಂತೆಯ ಕಟ್ಟೆಯನ್ನು ಸುಂಕವಿಲ್ಲದೆ ಬಿಟ್ಟುಕೊಡಬೇಕು. ನೆರಳು, ನೀರು ಒದಗಿಸಬೇಕು.

ಇದರಿಂದ ನಾಳೆಯೇ ದಲ್ಲಾಳಿಯ ರಾಜ್ಯ ಉರುಳುತ್ತದೆಂದು ನಾವು ಹೇಳುತ್ತಿಲ್ಲ. ಐವತ್ತು ಮನೆಗಳ ಒಲೆ ಅವನ ಕೈಯಿಂದ ತಪ್ಪುತ್ತದೆ, ಇಬ್ಬರು ರೈತರು ಅವನ ಕಟ್ಟೆ ಹತ್ತುವುದು ನಿಲ್ಲುತ್ತದೆ, ಅಷ್ಟೇ. ಆ ಐವತ್ತು ಐನೂರಾಗುವುದು ನಮ್ಮ ಹಟದ ಮೇಲೆ ನಿಂತಿದೆ. ಮುಂಗಾರಿನ ಬಿತ್ತನೆಗೆ ರೈತ ಮತ್ತೆ ಕಟ್ಟೆ ಹತ್ತುವ ಮುಂಚೆ ನಾವು ಅವನ ಹೊಲದ ಬದುವಿಗೆ ಹೋಗಿ ನಿಲ್ಲಬೇಕು. ಹೆಸರು ಬರೆಸುವವರು ಬರೆಸಿರಿ. ವಾದಿಸುವವರು ವಾದಿಸಲು ಬನ್ನಿರಿ. ಬರುವಾಗ ಒಂದು ಖಾಲಿ ಚೀಲ ಕೈಯಲ್ಲಿರಲಿ.